ಗೆರೆ ಎಳೆದ ಕೋಚ್

ಪ್ರೀತಿಯ ರಘು,

ನಿನ್ನ ಕಾಗದ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಡ್ರಿಲ್ ಮೇಷ್ಟ್ರ ಕೆಲಸ ಸಾಕಾಯಿತು, ಬಯಲಿಗೆ ಸುಣ್ಣದ ಗೆರೆ ಎಳೆಯುವುದರಲ್ಲೇ ಆಯಸ್ಸು ಕಳೆಯಿತು ಅಂತ ಬರೆದಿದ್ದೀಯ. ಆ ಗೆರೆಯ ಮಾತಿಗೆ ಎಡ್ಡಿ ರಾಬಿನ್ಸನ್ ನೆನಪಾದರು.

ಅಮೆರಿಕದ ಲೂಯಿಸಿಯಾನದ ಕಪ್ಪು ಜನರ ಪೈಕಿ ಹುಟ್ಟಿದವರು. ಅಪ್ಪ ಪಾಲಿಗೆ ಹೊಲ ಮಾಡುತ್ತಿದ್ದರು, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದರು. ಪದವಿ ಪಡೆದ ಮೇಲೂ ಮೇವಿನ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ. 1941ರಲ್ಲಿ, 22ನೇ ವಯಸ್ಸಿಗೆ, ಗ್ರ್ಯಾಂಬ್ಲಿಂಗ್ ಊರಿನ ಕಪ್ಪು ಜನರ ಕಾಲೇಜಿಗೆ ಫುಟ್‌ಬಾಲ್ ಕೋಚ್ ಆದರು. ನಾವು ಕಾಲಲ್ಲಿ ಆಡುವುದಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ನುಗ್ಗುವ ಅವರ ಆಟ. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸುವುದು ಎಲ್ಲ ಅವರದೇ. ಪರವೂರಿಗೆ ಹೊರಟರೆ ಹುಡುಗರಿಗೆ ಸ್ಯಾಂಡ್‌ವಿಚ್ ಮಾಡಿ ಕಟ್ಟುತ್ತಿದ್ದರು. ದಾರಿಯ ಹೋಟೆಲುಗಳು ಆ ಮಕ್ಕಳನ್ನು ಒಳಗೆ ಕೂರಿಸುತ್ತಿರಲಿಲ್ಲ. ಇದನ್ನು ನೆನೆದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಮೊದಲ ವರ್ಷ ಗೆದ್ದದ್ದು 3, ಸೋತದ್ದು 5. ಮರುವರ್ಷ ಆಡಿದ 9 ಪಂದ್ಯವನ್ನೂ ಗೆದ್ದರು. ಎದುರಾಳಿಗಳಿಗೆ ಒಂದು ಅಂಕವೂ ದಕ್ಕಲಿಲ್ಲ.

ನನಗೆ ತುಂಬ ಇಷ್ಟವಾದದ್ದು ಅವರ ಗಂಟೆ. ಬೆಳಗ್ಗೆ ಆರಕ್ಕೆ ದನದ ಕೊರಳ ಗಂಟೆ ಹಿಡಿದು ಹಾಸ್ಟೆಲಿನ ತುಂಬ ಬಾರಿಸುತ್ತ ಓಡಾಡುತ್ತಿದ್ದರಂತೆ, ಹುಡುಗರು ಎದ್ದು ಪಾಠಕ್ಕೆ ಹೋಗಲಿ ಅಂತ. ಆಟಕ್ಕಲ್ಲ ಕಣೋ, ಪಾಠಕ್ಕೆ!

ಆ ಹುಡುಗರಲ್ಲಿ 200ಕ್ಕೂ ಹೆಚ್ಚು ಮಂದಿ ವೃತ್ತಿಪರ ತಂಡಗಳನ್ನು ಸೇರಿದರು. ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕಪ್ಪು ಹುಡುಗರ ಬುದ್ಧಿ ಸಾಲದು ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ. ಇವರು ಅದನ್ನು ಒಪ್ಪದೆ ತಮ್ಮ ಹುಡುಗರನ್ನು ಅದೇ ಜಾಗಕ್ಕೆ ತಯಾರು ಮಾಡಿದರು. 1988ರ ಜನವರಿಯಲ್ಲಿ ಅವರ ಶಿಷ್ಯ ಡಗ್ ವಿಲಿಯಮ್ಸ್ ಅದೇ ಜಾಗದಲ್ಲಿ ಆಡಿ ವಾಷಿಂಗ್ಟನ್ ತಂಡಕ್ಕೆ ಸೂಪರ್ ಬೌಲ್, ಅಂದರೆ ವೃತ್ತಿಪರ ತಂಡಗಳ ಅಂತಿಮ ಪಂದ್ಯ, ಗೆದ್ದುಕೊಟ್ಟ. ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ.

ರಾಬಿನ್ಸನ್ 1997ರಲ್ಲಿ ನಿವೃತ್ತರಾಗುವಾಗ 408 ಗೆಲುವು, ಎಲ್ಲವೂ ಅದೇ ಒಂದು ಕಾಲೇಜಿನಲ್ಲಿ. ಕೊನೆಯ ಎರಡು ವರ್ಷ ಮಾತ್ರ ಮೂರು ಮೂರು ಗೆದ್ದು ಎಂಟೆಂಟು ಸೋತರು. ಆ ಸೋಲುಗಳಿಂದ ಅವರು ನನ್ನ ಕಣ್ಣಿಗೆ ಚಿಕ್ಕವರಾಗಿಲ್ಲ.

ನಿನ್ನ ಖೋಖೋ ಹುಡುಗಿಯರು ತಾಲ್ಲೂಕು ಪಂದ್ಯಕ್ಕೆ ಹೋಗುವ ದಿನ ತಿಳಿಸು. ಚಪಾತಿ, ಪಲ್ಯ ನಾನು ಕಟ್ಟಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡ.

ಇಂತಿ,
ನಿನ್ನ ಅಕ್ಕ