ತಪ್ಪಿದ ಗುಳಿಗೆ

ಜಾಲಹಳ್ಳಿಯಂತಹ ಊರಿನಲ್ಲಿ ಮದುವೆ, ಬಾಣಂತನ, ಮಕ್ಕಳಾಗದವರ ದುಃಖ ಎಲ್ಲವೂ ಕಟ್ಟೆಯ ಮೇಲೆ ಚರ್ಚೆಯಾಗುತ್ತವೆ. ಮಾಲಾ ಪಾಕೀಟಿನ ಮಾತು ಮಾತ್ರ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಆಶಾ ಕಾರ್ಯಕರ್ತೆ ತಂದುಕೊಟ್ಟ ಪಾಕೀಟು ಜೋಳದ ಡಬ್ಬಿಯ ಹಿಂದೆಯೋ ಸೀರೆಯ ಮಡಿಕೆಯಲ್ಲೋ ಸೇರಿಬಿಡುತ್ತದೆ. ಅತ್ತೆಗೆ ಕಾಣಬಾರದು, ಮಕ್ಕಳ ಕೈಗೆ ಸಿಗಬಾರದು. ಹೀಗೆ ಬಚ್ಚಿಟ್ಟದ್ದನ್ನು ದಿನವೂ ನೆನಪಿಟ್ಟು ತೆಗೆದು ನುಂಗುವುದು ಸುಲಭವೇ?

ನಾನು ಹೊಲಿಗೆ ಕೆಲಸದವಳು. ರವಿಕೆಯ ಅಳತೆ ಕೊಡಲು ಬಂದವರು ಟೇಪು ಸುತ್ತಿಸಿಕೊಳ್ಳುತ್ತಾ ಯಾರಿಗೂ ಹೇಳದ್ದನ್ನು ಹೇಳಿಬಿಡುತ್ತಾರೆ. ಒಬ್ಬಳು ಎರಡು ಮಕ್ಕಳ ತಾಯಿ. "ಆಪಾ, ಎರಡು ಗುಳಿಗಿ ತಪ್ಪ್ಯಾವ. ಹತ್ತು ದಿನ ಆತು, ನಿದ್ದಿ ಇಲ್ಲ. ಮತ್ತ ಬಸಿರಾಗಿದ್ದರ ಏನ್ ಮಾಡ್ಲಿ?" ಎಂದಳು. ಪಾಕೀಟು ತರಲು ಹೇಳಿದೆ. ನೋಡಿದರೆ ಬಿಳಿ ಗುಳಿಗೆ 21 ಮುಗಿದಿದ್ದವು. ಉಳಿದದ್ದು ಎರಡು ಕಂದು ಗುಳಿಗೆ! ಅವು ಕಬ್ಬಿಣಾಂಶದವು. ಗರ್ಭ ತಡೆಯುವ ಔಷಧಿ ಇರುವುದು ಬಿಳಿಯವುಗಳಲ್ಲಿ ಮಾತ್ರ. ಕಂದು ಗುಳಿಗೆ ಇರುವುದು ರಕ್ತಹೀನತೆಗೆ ಆಸರೆಯಾಗಲಿ, ನುಂಗುವ ರೂಢಿ ತಪ್ಪದಿರಲಿ ಎಂದು. ಆ ಏಳು ದಿನಗಳಲ್ಲೇ ಮುಟ್ಟು ಕಾಣುತ್ತದೆ. ಅವಳಿಗೆ ಕಂಡೂ ಇತ್ತು. ಸ್ವಲ್ಪವೇ ಹೋಯಿತೆಂದು ಅನುಮಾನ, ಅಷ್ಟೇ. ಗುಳಿಗೆ ತೆಗೆದುಕೊಳ್ಳುವವರಿಗೆ ಸ್ರಾವ ಕಡಿಮೆಯಾಗುವುದು ಸಾಮಾನ್ಯ. ಹೊಸ ಪಾಕೀಟನ್ನು ಸರಿಯಾದ ದಿನವೇ ಶುರು ಮಾಡಿದ್ದಳು. ಹತ್ತು ರಾತ್ರಿಯ ಭಯ ಎರಡು ಕಬ್ಬಿಣದ ಗುಳಿಗೆಗಾಗಿ! ಪಾಕೀಟು ಕೊಡುವಾಗ ಯಾರಾದರೂ ಎರಡು ನಿಮಿಷ ಕುಳಿತು ಹೇಳಿದ್ದರೆ ಸಾಕಿತ್ತು.

ಬಿಳಿ ಗುಳಿಗೆ ತಪ್ಪಿದರೆ ಮಾತು ಬೇರೆ. ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ನನಗೆ ತಿಳಿಸಿಕೊಟ್ಟದ್ದನ್ನೇ ಇಲ್ಲಿ ಹೇಳುತ್ತೇನೆ. ಒಂದು ತಪ್ಪಿದರೆ ನೆನಪಾದ ಕೂಡಲೇ ನುಂಗಬೇಕು, ಆ ದಿನದ್ದನ್ನು ಅದರ ಸಮಯಕ್ಕೇ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಎರಡೋ ಹೆಚ್ಚೋ ತಪ್ಪಿದ್ದರೆ ಒಂದನ್ನು ಕೂಡಲೇ ನುಂಗಿ ಮುಂದುವರಿಸಬೇಕು, ಏಳು ದಿನ ಗಂಡ ನಿರೋಧ್ ಬಳಸಬೇಕು. ಮೂರನೇ ವಾರದಲ್ಲಿ ಹಾಗಾದರೆ ಬಿಳಿಯವು ಮುಗಿದೊಡನೆ ಕಂದು ಬಿಟ್ಟು ಹೊಸ ಪಾಕೀಟಿಗೆ ಹೋಗಬೇಕು. ಎಲ್ಲಕ್ಕಿಂತ ಅಪಾಯವೆಂದರೆ ಹೊಸ ಪಾಕೀಟು ತಡವಾಗುವುದು, ಇಲ್ಲವೇ ಅದರ ಮೊದಲ ದಿನಗಳಲ್ಲೇ ತಪ್ಪುವುದು. ಆ ದಿನಗಳಲ್ಲಿ ಗಂಡ ಹೆಂಡತಿ ಕೂಡಿದ್ದರೆ 72 ಗಂಟೆಯೊಳಗೆ ತುರ್ತು ಗುಳಿಗೆ ಕೇಳಬೇಕು. ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು.

ನಿರೋಧ್ ಎಂದಾಗ ಅವಳು ನಕ್ಕುಬಿಟ್ಟಳು. "ಅವರಿಗೆ ಹೆಂಗ ಹೇಳ್ಲಿ ಆಪಾ?" ನನಗೆ ನಗು ಬರಲಿಲ್ಲ. ಎಣಿಕೆ ಅವಳದು, ಗುಳಿಗೆ ಅವಳದು, ವಾಕರಿಕೆ ಅವಳದು, ತಪ್ಪಿದರೆ ಬೈಗುಳವೂ ಅವಳದೇ. ಮನೆಯ ಗಂಡಸಿಗೆ ಪಾಕೀಟು ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ.

ರಮಝಾನ್ ಬಂದರೆ ನಮ್ಮ ಓಣಿಯಲ್ಲಿ ಇನ್ನೊಂದು ಫಜೀತಿ. ದಿನವೂ ಬೆಳಿಗ್ಗೆ ಚಹಾದ ಜೊತೆ ನುಂಗುವವಳಿಗೆ ಈಗ ಬೆಳಗಿನ ಚಹಾವೇ ಇಲ್ಲ. ಸಹರಿಗೋ ಇಫ್ತಾರ್ ನಂತರಕ್ಕೋ ಬದಲಿಸಿಕೊಳ್ಳಬಹುದು, ಆದರೆ ಒಂದೇ ಹೊತ್ತನ್ನು ಹಿಡಿದುಕೊಳ್ಳಬೇಕು. ಇದು ಪಾಪವೇ ಎಂದು ಕೇಳುವವರೂ ಇದ್ದಾರೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪ್ರವಾದಿಯವರ ಕಾಲದಲ್ಲೇ ಸಹಾಬಿಗಳು 'ಅಝ್ಲ್' ಮಾಡುತ್ತಿದ್ದರೆಂಬ ವರದಿ ಹದೀಸ್‌ನಲ್ಲಿದೆ. ಇಮಾಮ್ ಗಝ್ಝಾಲಿ 'ಇಹ್ಯಾ'ದಲ್ಲಿ ಇದನ್ನು ಮುಕ್ತವಾಗಿ ಚರ್ಚಿಸಿ ಅನುಮತಿಯಿದೆ ಎಂದಿದ್ದಾರೆ. ಒಂಬೈನೂರು ವರ್ಷಗಳ ಹಿಂದೆ ಅವರಿಗಿಲ್ಲದ ಸಂಕೋಚ ನಮಗೇಕೆ? ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಆಗ ನಮ್ಮ ರಾಯಚೂರು ನಿಜಾಮರ ಸೀಮೆಯಲ್ಲಿತ್ತು ಅನ್ನಿ.

ಅನುಮಾನ ಬಂದಾಗ ನಮ್ಮವರು ಮಾಡುವುದೇನು? ಪರಂಗಿ ಹಣ್ಣು, ಎಳ್ಳು ಬೆಲ್ಲ, ಯಾರೋ ಹೇಳಿದ ಕಷಾಯ. ಇವು ನಂಬುವಂಥವಲ್ಲ. ಇನ್ನೂ ಕೆಟ್ಟದ್ದು, ಗಂಡನನ್ನು ಕಳಿಸಿ ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಗರ್ಭಪಾತದ ಕಿಟ್ ತರಿಸಿ ನುಂಗುವುದು. ಗರ್ಭ ನಳಿಕೆಯಲ್ಲಿ ನಿಂತಿದ್ದರೆ, ರಕ್ತ ನಿಲ್ಲದಿದ್ದರೆ ಜೀವಕ್ಕೇ ಸಂಚಕಾರ. ಮೊದಲು ಬಸಿರೋ ಅಲ್ಲವೋ ತಿಳಿಯಲಿ. ಆಶಾ ಬಳಿ 'ನಿಶ್ಚಯ' ಕಿಟ್ ಸಿಗುತ್ತದೆ. ಮುಟ್ಟು ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಗರ್ಭ ನಿಂತಿದ್ದರೂ, ತಿಳಿಯದೆ ನುಂಗಿದ ಗುಳಿಗೆಯಿಂದ ಮಗುವಿಗೆ ಊನವಾಗುತ್ತದೆ ಎಂಬ ಹೆದರಿಕೆ ಬೇಡ. ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬೇಡವೆಂದರೆ, ಗರ್ಭನಿರೋಧಕ ವಿಫಲವಾದದ್ದು ಕಾನೂನು ಒಪ್ಪುವ ಕಾರಣವೇ ಆಗಿದೆ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು.

ದಿನದ ಲೆಕ್ಕ ಆಗದವರಿಗೆ ಲಖನೌದ ಸಂಶೋಧನಾಲಯದಲ್ಲಿ ರೂಪುಗೊಂಡ ವಾರದ ಗುಳಿಗೆ 'ಛಾಯಾ' ಇದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದು. ಮೂರು ತಿಂಗಳಿಗೊಮ್ಮೆ ಚುಚ್ಚುವ 'ಅಂತರಾ' ಇದೆ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿಸಿ ಬೆಂಗಳೂರಿಗೆ ಗುಳೆ ಹೋಗುವವರಿಗೆ ಇವು ಹೆಚ್ಚು ಅನುಕೂಲ. ಗಂಟುಮೂಟೆಯ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದೇ ಆ ಪಾಕೀಟು. ಅಲ್ಲಿಯ ಶೆಡ್ಡಿನಲ್ಲಿ ಯಾವ ಆಶಾ ಬರುತ್ತಾಳೆ? ಪಕ್ಕದ ಓಣಿಯ ಹುಡುಗಿಯೊಬ್ಬಳು ಈ ಸಲ ಹೊರಡುವ ಮೊದಲು ನಾಲ್ಕು ಪಾಕೀಟು ಕೇಳಿ ಪಡೆದಳು. ಅದರಲ್ಲಿ ಎರಡನ್ನು ಗಂಡನ ಚೀಲದಲ್ಲಿ ಹಾಕಿದ್ದಾಳೆ.