ದ್ವೀಪಯಾತ್ರೆಯ ಸನ್ನಾಹ

ಪ್ರವಾಸ ಮಾಡಿ ಬಂದವರು ಪ್ರವಾಸದ ಕಥೆಯನ್ನು ಬರೆಯುವುದು ವಾಡಿಕೆ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಂಥ ಲೇಖನವೊಂದು ಇದ್ದೇ ಇರುತ್ತದೆ. ನಾನಾದರೋ ಇನ್ನೂ ಹೊರಟೇ ಇಲ್ಲದ ಪ್ರವಾಸವೊಂದರ ಕಥೆಯನ್ನು ಬರೆಯಲು ಕುಳಿತಿದ್ದೇನೆ. ಓದುವವರು ನಕ್ಕರೂ ನಗಲಿ. ಸನ್ನಾಹವೇ ಇಷ್ಟು ದೊಡ್ಡದಾಗಿರುವಾಗ ಯಾತ್ರೆಗಾಗಿ ಕಾಯುತ್ತ ಕುಳಿತರೆ ಸಂಪಾದಕರು ಸಂಚಿಕೆಯನ್ನು ಅಚ್ಚಿಗೆ ಕೊಟ್ಟುಬಿಡುತ್ತಾರೆ.

ನಮ್ಮೂರು ಶಹಾಪುರ ತಾಲ್ಲೂಕಿನ ವನದುರ್ಗ. ಸುರಪುರದ ನಾಯಕರ ಕಾಲದ ಕೋಟೆ ಊರಿನ ಹೆಮ್ಮೆ. ಗಿರಿದುರ್ಗ, ವನದುರ್ಗ, ಜಲದುರ್ಗ ಎಂದು ಕೋಟೆಗಳಲ್ಲಿ ಬಗೆಗಳುಂಟೆಂದು ಇತಿಹಾಸದ ಗುರುಗಳು ಹೇಳಿದಂದು ತರಗತಿಯೆಲ್ಲ ನನ್ನ ಕಡೆ ತಿರುಗಿ ನೋಡಿತು. ಈಗ ನಮ್ಮೂರಿನಲ್ಲಿ ದುರ್ಗವುಂಟು, ವನವನ್ನು ಹುಡುಕಬೇಕು. ಎತ್ತ ನೋಡಿದರೂ ಹತ್ತಿ, ತೊಗರಿ. ಕಾಲುವೆಯ ನೀರು ಬಂದ ಕಡೆ ಭತ್ತ. ಜಲದುರ್ಗವೇನೂ ಬಹಳ ದೂರವಲ್ಲ. ಆ ಹೆಸರಿನ ಕೋಟೆಯೇ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಯ ಮೇಲಿದೆ. ವನದುರ್ಗದವಳಿಗೆ ನೀರಿನ ನಡುವಿನ ನೆಲವನ್ನು ನೋಡುವ ಆಸೆ ಹುಟ್ಟಿದರೆ ತಪ್ಪೇನು? ಆದರೆ ಕೃಷ್ಣೆ ಹರಿಯುವುದು ಮೂಡಲಿಗೆ, ಬಂಗಾಳ ಕೊಲ್ಲಿಯ ಕಡೆಗೆ. ನನ್ನ ಆಸೆ ಪಡುವಣಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರಿತು.

ಅದಕ್ಕೆ ಕಾರಣ ನಮ್ಮ ಭೂಗೋಳದ ಗುರುಗಳು. ಒಂದು ಮಧ್ಯಾಹ್ನ ಅವರು ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳ ವಿಷಯ ತೆಗೆದರು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಕಾಲದಲ್ಲಿ ಅಲ್ಲಿ ಇಳಿದು ಈ ಹೆಸರನ್ನಿಟ್ಟನೆಂಬ ಪ್ರತೀತಿಯುಂಟಂತೆ. ಒಂದು ದ್ವೀಪದಲ್ಲಿ ತೆಂಗಿನ ಮರಗಳ ಸಾಲು, ಕೆಳಗೆ ಚಿಪ್ಪು ತುಂಬಿದ ದಂಡೆ. ಇನ್ನೊಂದರ ಹೆಸರು ದರಿಯಾಬಹದ್ದೂರಗಡ. ಅಲ್ಲಿ ಬಿದನೂರಿನ ಅರಸರ ಕಾಲದ ಕೋಟೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಯ ಕಲ್ಲು! ನೆಲದಾಳದಿಂದ ಉಕ್ಕಿದ ಲಾವಾರಸ ತಣಿಯುವಾಗ ಕುಗ್ಗಿ ಸೀಳಿ, ಯಾರೋ ಕಡೆದು ನಿಲ್ಲಿಸಿದಂತೆ ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಟ್ಟು ದೂರ ಸರಿದ ಕಾಲದ ಗುರುತು ಅದು ಎಂದರು ಗುರುಗಳು.

ಹಿಂದಿನ ಬೆಂಚಿನ ಗೆಳತಿ ಮೆಲ್ಲಗೆ, “ಹಂಗಾದ್ರ ಮಡಗಾಸ್ಕರ ಗುಳೆ ಹೋಗೇದ ನೋಡ್ರಿ. ಹೋಗಿದ್ದು ತಿರುಗಿ ಬಂದೇ ಇಲ್ಲ” ಎಂದಳು. ತರಗತಿ ನಕ್ಕಿತು, ಗುರುಗಳೂ ನಕ್ಕರು. ನಮ್ಮ ಸೀಮೆಯಲ್ಲಿ ಗುಳೆ ಎಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಕೂರಿಸಿ, ಬೆಂಗಳೂರು, ಮುಂಬಯಿ, ಗೋವೆ ಎಂದು ದುಡಿಯಲು ಹೋಗುವುದು. ನಮ್ಮ ತರಗತಿಯಲ್ಲಿ ನಕ್ಕವರಲ್ಲಿ ಅರ್ಧದಷ್ಟು ಜನರ ಮನೆಯವರು ಒಂದಲ್ಲ ಒಂದು ವರ್ಷ ಹಾಗೆ ಹೋಗಿ ಬಂದವರೇ.

ಅಂದೇ ಸಂಜೆ ನಾವು ಐವರು ಗೆಳತಿಯರು ಬಸ್ಸಿಗೆ ಕಾಯುತ್ತ ನಿಂತಾಗ ನಿರ್ಧಾರವಾಯಿತು: ಪದವಿ ಮುಗಿಯುವ ಮೊದಲು ಒಂದು ಸಲ ಆ ದ್ವೀಪವನ್ನು ನೋಡಿ ಬರಬೇಕು. ಐವರಲ್ಲಿ ನಾಲ್ವರು ಸಮುದ್ರವನ್ನು ಕಂಡವರಲ್ಲ. ಐದನೆಯವಳು ಕಂಡದ್ದು ಸಿನಿಮಾದಲ್ಲಿ.

ನಮ್ಮ ಗುಂಪಿನಲ್ಲಿ ಒಬ್ಬಳು ಮಾತ್ರ ಮೂಗು ಮುರಿದಳು. ಅವಳ ತಾಯಿಯ ತವರು ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ, ಕೃಷ್ಣೆಯ ನಡುವಿನ ಊರು. ನಾರಾಯಣಪುರದ ಜಲಾಶಯದಿಂದ ನೀರು ಬಿಟ್ಟಾಗ ಆ ಊರಿಗೆ ನಾಲ್ಕೂ ಕಡೆ ಹೊಳೆ. 2014ರಲ್ಲಿ ಗರ್ಭಿಣಿಯೊಬ್ಬಳು ಸೋರೆಬುರುಡೆಗಳನ್ನು ಕಟ್ಟಿಕೊಂಡು ಆ ಪ್ರವಾಹವನ್ನು ಈಜಿ ದಡ ಸೇರಿದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. “ದ್ವೀಪಕ್ಕ ಹೋಗಾಕ ರೊಕ್ಕ ಕೊಡಬೇಕೇನು? ನಾ ಸಣ್ಣಾಕಿ ಇದ್ದಾಗ ನಮ್ಮ ಮುತ್ಯಾನ ಊರಾಗಿನ ಮಂದಿ ದ್ವೀಪದಿಂದ ಹೊರಗ ಬರಾಕ ಜೀವಾನ ಪಣಕ್ಕ ಇಡ್ತಿದ್ರು” ಎಂದಳು. ನಾವು ಸುಮ್ಮನಾದೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ, “ಆದ್ರೂ ಬರ್ತೀನಿ ತಗೋ. ಮಂದಿ ಖುಷೀಲೆ ಹೋಗೂ ದ್ವೀಪ ಹೆಂಗಿರತೈತಿ ನೋಡಬೇಕು” ಎಂದಳು.

ಇನ್ನು ಲೆಕ್ಕದ ಮಾತು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ್ದರಿಂದ ಖಜಾಂಚಿಯ ಪದವಿ ನನ್ನ ಪಾಲಿಗೆ ಬಂತು. ಇನ್ನೂರು ಪುಟದ ನೋಟುಪುಸ್ತಕವೊಂದರ ಕೊನೆಯ ಪುಟದಲ್ಲಿ ಜಮಾ, ಖರ್ಚು ಎಂದು ಎರಡು ಕಂಬ ಎಳೆದೆ. ತಲಾ ವಾರಕ್ಕೆ 50 ರೂಪಾಯಿಯಂತೆ ಐವರೂ ಇಪ್ಪತ್ತು ವಾರ ಕೂಡಿಸಿದರೆ 5,000. ಪ್ರಯಾಣದ ಖರ್ಚನ್ನು ಬರೆಯಲು ಹೋದಾಗ ಸಂತೋಷವೇ ಕಾದಿತ್ತು. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ, ರಾಜ್ಯದೊಳಗೆ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಸುರಪುರ ದಾಟಿ, ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಗೆ ಕೈಮುಗಿದು, ಲಿಂಗಸುಗೂರು, ಕುಷ್ಟಗಿ, ಹೊಸಪೇಟೆಯ ಮೇಲೆ ಹಾಯ್ದು, ಘಟ್ಟ ಇಳಿದು ಕಡಲಿನವರೆಗೆ ಐವರ ಪ್ರಯಾಣದ ಖರ್ಚು ಸೊನ್ನೆ! ಆ ಸೊನ್ನೆಯನ್ನು ನಾನು ಬಹಳ ದುಂಡಗೆ ಬರೆದೆ.

ಯಾವಾಗ ಹೋಗುವುದೆಂಬುದು ಮುಂದಿನ ಪ್ರಶ್ನೆ. ದೀಪಾವಳಿಯ ರಜೆಯಲ್ಲಿ ಹತ್ತಿ ಬಿಡಿಸಬೇಕು. ಅದರ ಹಿಂದೆಯೇ ತೊಗರಿಯ ಸುಗ್ಗಿ. ಒಬ್ಬಳು, “ಜೂನ್ ತಿಂಗಳಿರಲಿ, ತಂಪಿರುತ್ತದೆ” ಎಂದಳು. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ದ್ವೀಪಕ್ಕೆ ದೋಣಿ ಬಿಡುವುದೇ ಇಲ್ಲವೆಂದು ಗುರುಗಳು ತಿದ್ದಿದರು. ಕಡೆಗೆ ಯುಗಾದಿ ಕಳೆದ ಮೂರನೆಯ ದಿನವೆಂದು ಗೊತ್ತಾಯಿತು.

ಎಲ್ಲ ಗೊತ್ತಾದ ಮೇಲೆ, ಯಾರನ್ನೂ ಕೇಳಿಲ್ಲವೆಂಬುದು ನೆನಪಾಯಿತು. ಐದು ಮನೆಗಳಲ್ಲಿಯೂ ಬಂದ ಉತ್ತರ ಹೆಚ್ಚು ಕಡಿಮೆ ಒಂದೇ: ದೊಡ್ಡವರು ಒಬ್ಬರು ಜೊತೆಗಿಲ್ಲದೆ ಐದು ಹುಡುಗಿಯರು ಅಷ್ಟು ದೂರ ಹೋಗಕೂಡದು. ಆದರೆ ನಮ್ಮ ಅಪ್ಪನ ಉತ್ತರ ಬೇರೆಯಾಗಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ನಾನು ಪೀಠಿಕೆ ಹಾಕಿ ಮಡಗಾಸ್ಕರದಿಂದ ಆರಂಭಿಸಿದೆ. ಅಪ್ಪ ರೊಟ್ಟಿ ಮುರಿಯುತ್ತ ಕೇಳಿದರು. ಮಲ್ಪೆ ಎಂಬ ಹೆಸರು ಬಂದೊಡನೆ ಅವ್ವನ ಮುಖ ನೋಡಿದರು.

“ಆ ದ್ವೀಪ ನನಗ ಗೊತ್ತೈತಿ ಯವ್ವಾ” ಎಂದರು. “ನಾವು ಕಟ್ಟಿದ ಮನಿ ಮಾಳಗಿ ಮ್ಯಾಲ ನಿಂತರ ದಿನಾ ಕಾಣತಿತ್ತು.”

ನಾನು ಬೆರಗಾದೆ. ಅಪ್ಪ ಅವ್ವ ನಾಲ್ಕು ವರ್ಷ ಕರಾವಳಿಗೆ ಗುಳೆ ಹೋಗುತ್ತಿದ್ದರೆಂಬುದು ನನಗೆ ತಿಳಿದಿತ್ತು. ನಾನು ಆಗ ಐದಾರು ವರ್ಷದವಳು, ಆಯಿಯ ಬಳಿ ಊರಿನಲ್ಲೇ ಉಳಿದಿದ್ದೆ. ಎಲ್ಲಿಗೆ ಹೋಗಿದ್ದರು, ಏನನ್ನು ನೋಡಿದರು ಎಂದು ಒಂದು ದಿನವೂ ಕೇಳಿರಲಿಲ್ಲ. ಪ್ರವಾಸ ಹೋಗಿ ಬಂದವರನ್ನು ಕೇಳುತ್ತೇವೆ. ಗುಳೆ ಹೋಗಿ ಬಂದವರನ್ನು ಯಾರು ಕೇಳುತ್ತಾರೆ?

“ಹಂಗಾದ್ರ ಒಂದ್ ಸಲಾನೂ ಹೋಗಲಿಲ್ಲೇನಪ್ಪಾ? ಒಂದಿನ ರಜಾ ಮಾಡಿ ಹೋಗಬಹುದಿತ್ತಲ್ಲ?”

ಅಪ್ಪ ನಕ್ಕರು. “ರಜಾ ಅಂದ್ರ ಪಗಾರ ಇಲ್ಲದ ದಿನ ಯವ್ವಾ. ಅಂಥಾ ದಿನಾನ ಯಾರು ಬೇಡಿ ಇಸಗೋತಾರ?”

ನಾನು ಹದಿನೈದು ವರ್ಷ ಶಾಲೆ ಕಾಲೇಜಿಗೆ ಹೋಗಿ ಕಲಿತ ಪದಗಳಲ್ಲಿ ರಜೆಯೆಂಬುದು ಬಹು ಪ್ರೀತಿಯ ಪದ. ಅದಕ್ಕೆ ನಮ್ಮ ಮನೆಯಲ್ಲಿಯೇ ಇನ್ನೊಂದು ಅರ್ಥವಿರುವುದು ಅಂದು ತಿಳಿಯಿತು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಕೂಲಿಯ ಬಗೆಗೆ ಒಂದು ಅಧ್ಯಾಯವೇ ಉಂಟು. ಈ ವಾಕ್ಯ ಅದರಲ್ಲಿಲ್ಲ.

ಆಗ ಅವ್ವ ಮೆಲ್ಲಗೆ ಹೇಳಿದಳು: “ಹೋಗಬೇಕು ಅಂತ ದಿನಾ ಹಟ ಮಾಡಾಕಿ ನಿಮ್ಮಕ್ಕ.”

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ತಮ್ಮ ಆಗ ಎದೆಗೂಸು. ಅವ್ವ ತಲೆಯ ಮೇಲೆ ಗಾರೆಯ ಬುಟ್ಟಿ ಹೊರುವಾಗ ಕೂಸನ್ನು ಎತ್ತಿಕೊಳ್ಳುವವರು ಬೇಕಾಗಿತ್ತು. ಐದನೆಯ ತರಗತಿಯಲ್ಲಿದ್ದ ಅಕ್ಕನನ್ನು ಕರೆದುಕೊಂಡು ಹೋದರು. ಸುಗ್ಗಿಗೆ ಊರಿಗೆ ಬರುವುದು, ಮತ್ತೆ ಹೋಗುವುದು. ಹೀಗೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಕ್ಕ ಮತ್ತೆ ಶಾಲೆಯಲ್ಲಿ ಕುಳಿತುಕೊಳ್ಳುವ ವಯಸ್ಸನ್ನು ದಾಟಿದ್ದಳು. ನಾನು ಊರಿನಲ್ಲಿದ್ದೆ, ಶಾಲೆ ತಪ್ಪಲಿಲ್ಲ. ನಮ್ಮ ಮನೆಯಲ್ಲಿ ಮೊದಲ ಬಿ.ಎ. ಓದುತ್ತಿರುವವಳು ನಾನೆಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ನಾನು ಚುರುಕಾಗಿದ್ದುದರಿಂದ ಓದಿದೆನೆಂದು ನಾನೂ ನಂಬಿಕೊಂಡಿದ್ದೆ. ಇಬ್ಬರು ಹೆಣ್ಣುಮಕ್ಕಳಲ್ಲಿ ಕೂಸು ಎತ್ತುವ ಬಲ ಯಾರ ಸೊಂಟಕ್ಕೆ ಬಂದಿತ್ತೆಂಬುದರ ಮೇಲೆ ಈ ತೀರ್ಮಾನವಾಗಿತ್ತು.

ಮುಂದಿನ ಭಾನುವಾರ ಅಕ್ಕನ ಊರಿಗೆ ಹೋದೆ. ಅವಳು ಅಂಗಳದಲ್ಲಿ ಹತ್ತಿ ಒಣಹಾಕುತ್ತಿದ್ದಳು. ದ್ವೀಪದ ಮಾತು ತೆಗೆದಾಗ ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿಯನ್ನು ತಂದಳು. ಅದರಲ್ಲಿ ಮಲ್ಪೆಯ ದಂಡೆಯಲ್ಲಿ ಆರಿಸಿದ ಚಿಪ್ಪುಗಳು. ಮದುವೆಯಾಗಿ ಬರುವಾಗ ಬಟ್ಟೆಯ ಗಂಟಿನಲ್ಲಿ ಇಟ್ಟುಕೊಂಡು ಬಂದಿದ್ದಳಂತೆ. ನಾನು ಗುರುಗಳು ಹೇಳಿದ ಕಂಬದ ಕಲ್ಲುಗಳ ವಿಷಯವನ್ನೆಲ್ಲ ಹೇಳಿದೆ. ಅವಳು ಸಾವಧಾನವಾಗಿ ಕೇಳಿ, ನನಗೆ ತಿಳಿಯದ ಸಂಗತಿಗಳನ್ನು ಒಂದೊಂದಾಗಿ ಹೇಳತೊಡಗಿದಳು. ಉಡುಪಿಯಿಂದ ಮಲ್ಪೆಗೆ ಓಡುವ ಬಸ್ಸುಗಳು ಹೆಚ್ಚಾಗಿ ಖಾಸಗಿಯವು, ಅಲ್ಲಿ ಟಿಕೀಟು ಕೊಳ್ಳಬೇಕು. ಗಾಳಿ ಜೋರಾಗುವ ಮೊದಲು, ಬೆಳಗಿನ ಹೊತ್ತಿನಲ್ಲಿಯೇ ದೋಣಿ ಹತ್ತಬೇಕು. ಕುಡಿಯುವ ನೀರನ್ನು ದಡದಿಂದಲೇ ಒಯ್ಯಬೇಕು. ಜೋಳದ ರೊಟ್ಟಿ ಅಲ್ಲಿ ಸಿಕ್ಕುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಎರಡು ದಿನ ಚಿಂತೆಯಿಲ್ಲ. ನಾನು ನೋಟುಪುಸ್ತಕ ತೆಗೆದು ಬರೆದುಕೊಂಡೆ. ಐದನೆಯ ತರಗತಿಯವರೆಗೆ ಓದಿದವಳು ಹೇಳುತ್ತಿದ್ದಳು, ಅಂತಿಮ ಬಿ.ಎ.ಯವಳು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು.

“ಇಷ್ಟೆಲ್ಲ ಗೊತ್ತೈತಿ, ದ್ವೀಪದ ಮ್ಯಾಲ ಏನೈತಿ ಹೇಳು?” ಎಂದು ಕೇಳಿದೆ.

“ಅದೊಂದು ನನಗ ಗೊತ್ತಿಲ್ಲ” ಎಂದಳು. “ಹೊತ್ತು ಮುಳುಗೂ ಮುಂದ ತೆಂಗಿನ ಗಿಡ ಅಷ್ಟೇ ಕರ್ರಗ ಕಾಣತಿದ್ವು. ಅಪ್ಪ ರಜಾ ಸಿಕ್ಕಾಗ ಹೋಗೂಣು ಅಂತಿದ್ದ.”

ಆಗ ನಾನು ಕೇಳಿದೆ: “ದೊಡ್ಡವರು ಒಬ್ಬರು ಬೇಕು ಅಂತಾರ. ನೀ ಬರ್ತೀ ಅಕ್ಕಾ?”

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಹತ್ತಿ ಬಿಡಿಸೂದು ಮುಗೀಲಿ. ಅತ್ತೀಗೆ ಕೇಳತೀನಿ. ನೋಡೂಣು” ಎಂದಳು. ನಮ್ಮ ಕಡೆ ‘ನೋಡೂಣು’ ಎಂಬ ಮಾತಿಗೆ ಇಲ್ಲವೆಂದೂ ಅರ್ಥವುಂಟು, ಆಗಲೆಂದೂ ಅರ್ಥವುಂಟು. ಅಂದು ಅವಳು ಯಾವುದನ್ನು ಹೇಳಿದಳೆಂದು ನನಗೆ ಈಗಲೂ ನಿಶ್ಚಯವಿಲ್ಲ. ಆದರೆ ನನ್ನನ್ನು ಬಸ್ಸಿಗೆ ಬಿಡಲು ಬಂದವಳು, ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ ಬಂದು, “ಆಧಾರ್ ಚೀಟಿ ಒಂದಿದ್ರ ಸಾಕಲ್ಲ?” ಎಂದು ಕೇಳಿದಳು.

ಅಂದಿನಿಂದ ನಮ್ಮ ಲೆಕ್ಕ ಆರು ಜನರದಾಗಿದೆ. ಅಕ್ಕನ ಪಾಲಿನ ಹಣವನ್ನು ನಾವು ಐವರೂ ಹಂಚಿಕೊಂಡಿದ್ದೇವೆ. ಹಿಂದಿನ ಬೆಂಚಿನ ಗೆಳತಿ ಎಲ್ಲರಿಗಿಂತ ಮೊದಲು ಹತ್ತು ರೂಪಾಯಿ ಹೆಚ್ಚಿಗೆ ತಂದಳು. ದೋಣಿಗೆ ತಲಾ 400 ರೂಪಾಯಿ ಇರಲೆಂದು ಬರೆದಿಟ್ಟಿದ್ದೇವೆ. ಈ ವಾರದವರೆಗೆ 3,850 ಕೂಡಿದೆ. ಅಪ್ಪ ಮೊನ್ನೆ ನೋಟುಪುಸ್ತಕವನ್ನು ಕೈಗೆತ್ತಿಕೊಂಡು, ಓದಲು ಬಾರದಿದ್ದರೂ ಅಂಕಿಗಳನ್ನು ಬೆರಳಿನಿಂದ ಎಣಿಸಿ, ಅದರ ನಡುವೆ ನೂರರ ಎರಡು ನೋಟುಗಳನ್ನಿಟ್ಟು ಮುಚ್ಚಿದರು. “ಒಂದು ದಿನದ್ದು” ಎಂದರು, ಅಷ್ಟೇ. ಅದನ್ನು ಜಮೆಯ ಕಂಬದಲ್ಲಿ ಯಾರ ಹೆಸರಿನಲ್ಲಿ ಬರೆಯಲಿ ಎಂದು ಬಹಳ ಹೊತ್ತು ಯೋಚಿಸಿದೆ. ಕಡೆಗೆ ‘ರಜೆ’ ಎಂದು ಬರೆದೆ.

ಅಕ್ಕನ ಅತ್ತೆಯವರಿಂದ ಉತ್ತರ ಇನ್ನೂ ಬಂದಿಲ್ಲ. ಯುಗಾದಿಗೆ ದಿನಗಳಿವೆ. ಸಂಪಾದಕರು ಅವಕಾಶ ಕೊಟ್ಟರೆ ದ್ವೀಪದ ಮೇಲೆ ಏನಿದೆಯೆಂಬುದನ್ನು ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳಿಸುತ್ತೇನೆ. ಅಷ್ಟು ಹೊತ್ತಿಗೆ ನಾನು ಈ ಕಾಲೇಜಿನ ಹಳೆಯ ವಿದ್ಯಾರ್ಥಿನಿಯಾಗಿರುತ್ತೇನೆ. ಆದರೆ ಬರೆಯುವವಳು ನಾನಾದರೂ ಹೇಳುವವಳು ಅಕ್ಕನಾಗಿರಲೆಂದು ನನ್ನ ಆಸೆ.

— ವನದುರ್ಗದ ವಿದ್ಯಾರ್ಥಿನಿ, ಅಂತಿಮ ಬಿ.ಎ.