ಅಳತೆಯ ರವಿಕೆ

ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಹೆಂಗಸರ ಮೈಕಟ್ಟನ್ನು ಹಣ್ಣುಗಳಿಗೆ ಹೋಲಿಸುವ ಪದ್ಧತಿಯೊಂದಿದೆ. ಹೊಟ್ಟೆಯ ಭಾಗ ತುಂಬಿಕೊಂಡಿದ್ದರೆ ಸೇಬು, ಸೊಂಟದ ಕೆಳಗೆ ಅಗಲವಾಗಿದ್ದರೆ ಪೇರ್ ಹಣ್ಣು, ಎರಡೂ ಹದವಾಗಿದ್ದರೆ ಮರಳು ಗಡಿಯಾರ. ಸೇಬು ನಮ್ಮ ಉಡುಪಿಯಲ್ಲಿ ಬೆಳೆಯುವುದಿಲ್ಲ. ಪೇರಳೆ ಎಂದರೆ ನಮ್ಮಲ್ಲಿ ಸೀಬೆಕಾಯಿ, ಅದು ಉರುಟಾಗಿರುತ್ತದೆ. ಮರಳು ಗಡಿಯಾರವನ್ನು ನಾನಂತೂ ಕಣ್ಣಾರೆ ಕಂಡವಳಲ್ಲ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ನಾನು ಮಟ್ಟುಗುಳ್ಳದ ಜಾತಿಗೆ ಸೇರಿದವಳು. ಅದಕ್ಕೆ ನನಗೇನೂ ಬೇಸರವಿಲ್ಲ. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ಸಿಕ್ಕಿದೆ!

ಯಾವ ಹಣ್ಣಿಗೆ ಯಾವ ಬಟ್ಟೆ ಎಂದು ಆ ಪುಟಗಳು ಹೇಳುವುದೆಲ್ಲ ಹೊಲಿದ ಉಡುಪಿನ ಮಾತು. ನಮ್ಮ ಸೀರೆ ಹೊಲಿಗೆಯೇ ಇಲ್ಲದ ಐದೂವರೆ ಮೀಟರ್ ಬಟ್ಟೆ. ಅದನ್ನು ಉಡುವವಳು ತನಗೆ ಬೇಕಾದಲ್ಲಿ ಬಿಗಿ ಮಾಡಿ, ಬೇಡವಾದಲ್ಲಿ ಸಡಿಲ ಬಿಟ್ಟು, ತನ್ನ ಮೈಗೆ ತಾನೇ ದಿನವೂ ಹೊಸದಾಗಿ ರೂಪ ಕೊಡುತ್ತಾಳೆ. ಆದರೂ ನಮ್ಮಲ್ಲಿ ಕೆಲವು ತಿಳಿವಳಿಕೆಗಳು ಇಲ್ಲದಿಲ್ಲ. ಕುಳ್ಳಗಿರುವವರಿಗೆ ಗೇಣಗಲದ ಅಂಚು ಆಗಿಬರುವುದಿಲ್ಲ. ಅದು ಎತ್ತರವನ್ನು ಅಡ್ಡಕ್ಕೆ ಕತ್ತರಿಸಿ ತೋರಿಸುತ್ತದೆ. ಸಪೂರ ಇರುವವರಿಗೆ ಗಂಜಿ ಹಾಕಿದ ಹತ್ತಿ ಸೀರೆ ಮೈ ತುಂಬಿಸಿಕೊಡುತ್ತದೆ. ತೋಳು ತೋರ ಇರುವವರು ರವಿಕೆಯ ತೋಳನ್ನು ಆ ತೋರದ ಜಾಗದಲ್ಲೇ ನಿಲ್ಲಿಸಬಾರದು, ಮೊಣಕೈವರೆಗೆ ಇಳಿಸಬೇಕು. ಇನ್ನು ಸೊಂಟದ ವಿಚಾರ. ಯಾರೂ ನೋಡದ ಒಳಲಂಗದಲ್ಲಿ ಅರ್ಧ ಗುಟ್ಟಿದೆ. ಸುತ್ತ ನೆರಿಗೆ ಹಿಡಿದ ಲಂಗದ ಬದಲು ಮೇಲೆ ಸಪೂರ, ಕೆಳಗೆ ಅಗಲ ಬರುವ ಹಾಗೆ ಹೊಲಿಸಿಕೊಂಡರೆ ಎರಡು ಇಂಚು ತಾನಾಗಿ ಇಳಿಯುತ್ತದೆ. ದಪ್ಪಗಿರುವವರು ಕಡು ಬಣ್ಣವನ್ನೇ ಉಡಬೇಕೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಡುಪಿಯ ಮೇ ತಿಂಗಳ ಸೆಕೆಯಲ್ಲಿ ಕಪ್ಪು ಸೀರೆ ಉಟ್ಟು ಬೆವರು ಒರೆಸಿಕೊಳ್ಳುವವಳು ಯಾರ ಕಣ್ಣಿಗೂ ತೆಳ್ಳಗೆ ಕಾಣಳು.

ಸೀರೆಯ ಕತೆ ಹೀಗಾಯಿತು. ರವಿಕೆಯದು ಹಾಗಲ್ಲ, ಅದು ಇದ್ದದ್ದನ್ನು ಇದ್ದ ಹಾಗೆ ಕೇಳುತ್ತದೆ. ನಾವಾದರೋ ಅದಕ್ಕೆ ನಿಜ ಹೇಳುವುದೇ ಇಲ್ಲ. ಟೈಲರಿನ ಹತ್ತಿರ ಹೋದಾಗ ಎಷ್ಟು ಜನ ಮೈಯ ಅಳತೆ ಕೊಡುತ್ತೀರಿ, ಹೇಳಿ? ಹೊಸ ಬಟ್ಟೆಯ ಜೊತೆಗೆ ಒಂದು ಹಳೆಯ ರವಿಕೆಯನ್ನು ಸುತ್ತಿ ಕೊಡುತ್ತೇವೆ. 'ಅಳತೆಗೆ ಇದು' ಎನ್ನುತ್ತೇವೆ. ಆ ಅಳತೆಯ ರವಿಕೆ ಮಗಳ ಬಾಣಂತನಕ್ಕೂ ಮೊದಲಿನದ್ದು. ಬಿಗಿಯಾದರೆ ಒಳಗೆ ಬಿಟ್ಟ ಬಟ್ಟೆಯ ಒಂದು ಹೊಲಿಗೆ ಬಿಚ್ಚಿಕೊಂಡರಾಯಿತು ಎಂಬ ಧೈರ್ಯ. ಹಳೆಯ ಮೈಯನ್ನು ಹೀಗೆ ಕಪಾಟಿನಲ್ಲಿ ಮಡಚಿಟ್ಟು ಕಾಪಾಡಿಕೊಳ್ಳುವವರು ನಾವು.

ನನ್ನ ಅತ್ತಿಗೆಯ ಅಳತೆಯ ರವಿಕೆ ನೀಲಿ ಬಣ್ಣದ್ದು. ಅವರು ಕಾಪುವಿನವರು, ಅಲ್ಲೇ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. 2022ರ ಸೆಪ್ಟೆಂಬರಿನಲ್ಲಿ ಮಣಿಪಾಲದಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಗಿ ಬಲಗಡೆಯ ಸ್ತನವನ್ನು, ಕಂಕುಳಿನ ಗಂಟುಗಳ ಸಮೇತ, ತೆಗೆದರು. ಔಷಧಿ, ವಿಕಿರಣ ಎಂದು ಮುಂದಿನ ಏಳೆಂಟು ತಿಂಗಳು ಕಳೆಯಿತು. ಕೂದಲು ಮತ್ತೆ ಬಂತು, ಊಟ ಸೇರಿತು. ವೈದ್ಯರು ಇನ್ನು ಶಾಲೆಗೆ ಹೋಗಬಹುದು ಎಂದರು. ಅತ್ತಿಗೆ ಮಾತ್ರ ನೈಟಿಯ ಮೇಲೊಂದು ಬೈರಾಸು ಹೊದ್ದು ಒಳಕೋಣೆ ಬಿಟ್ಟು ಬರಲಿಲ್ಲ. ಬಂದವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು ಅನ್ನಿ. ಮನೆಯವರ ಎರಡು ಮದುವೆಗಳಿಗೂ ಅವರು ಬರಲಿಲ್ಲ. ಶಾಲೆ ತೆರೆಯಲು ಮೂರು ವಾರ ಇದೆಯೆನ್ನುವಾಗ ಅಣ್ಣ ಫೋನ್ ಮಾಡಿದ. ಅತ್ತಿಗೆ ಸ್ವಯಂ ನಿವೃತ್ತಿಯ ಅರ್ಜಿ ಬರೆದಿಟ್ಟಿದ್ದಾರೆ, ಇಪ್ಪತ್ತಾರು ವರ್ಷದ ಸರ್ವಿಸು, ನೀನೊಮ್ಮೆ ಬಂದು ಮಾತಾಡು ಎಂದ.

ಮಾತಾಡಲು ನನಗೇನೂ ತಿಳಿದಿರಲಿಲ್ಲ. 'ಅರ್ಜಿ ಆಮೇಲೆ ಕೊಡುವ ಅತ್ತಿಗೆ, ಎರಡು ರವಿಕೆ ಹೊಲಿಸಿ ನೋಡುವ' ಎಂದೆ. ಅವರು ಕಪಾಟಿನಿಂದ ಆ ನೀಲಿ ರವಿಕೆಯನ್ನು ತೆಗೆದುಕೊಟ್ಟು 'ನೀನೇ ಕೊಟ್ಟು ಬಾ ಮಾರಾಯ್ತಿ' ಎಂದರು. ನಾನು ಅದನ್ನು ತೆಗೆದುಕೊಂಡೆ, ಅವರನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡೆ.

ಕಾಪು ಪೇಟೆಯಲ್ಲಿ ಒಬ್ಬಳೇ ಕೂತು ಹೊಲಿಯುವ ಹೆಂಗಸೊಬ್ಬಳಿದ್ದಾಳೆ. ಅತ್ತಿಗೆಯ ಹಳೆಯ ವಿದ್ಯಾರ್ಥಿನಿ. ನೀಲಿ ರವಿಕೆಯನ್ನು ಒಮ್ಮೆ ಬಿಡಿಸಿ ನೋಡಿ ಮಡಚಿ ನನ್ನ ಕೈಗೇ ಕೊಟ್ಟಳು. 'ಇದು ಬೇಡ ಟೀಚರ್. ಟೇಪ್ ಉಂಟಲ್ಲ, ಒಳಗೆ ಬನ್ನಿ' ಎಂದಳು. ಪರದೆಯ ಹಿಂದೆ ಹದಿನೈದು ನಿಮಿಷ. ನನಗೆ ಕೇಳಿಸಿದ್ದು ಅಂಕಿಗಳು ಮಾತ್ರ. ಎಡಕ್ಕೊಂದು, ಬಲಕ್ಕೊಂದು, ಎಡತೋಳಿಗೊಂದು, ಬಲತೋಳಿಗೊಂದು.

ಆಕೆ ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾದೀತು. ರವಿಕೆಯ ಎರಡು ಮುಂಭಾಗಗಳಿಗೆ ಎರಡು ಬೇರೆ ಕಾಗದ ಕತ್ತರಿಸಿದಳು. ಕಂಕುಳಿನ ಗಂಟು ತೆಗೆದ ಮೇಲೆ ಆ ಕಡೆಯ ಕೈಯಲ್ಲಿ ನೀರು ತುಂಬಿ ಬಾವು ಬರುವುದುಂಟು. ಬಿಗಿ ತೋಳು, ಬಿಗಿ ಬಳೆ ಬೇಡವೆಂದು ವೈದ್ಯರೂ ಹೇಳಿದ್ದರು. ಆದ್ದರಿಂದ ಬಲತೋಳನ್ನು ಒಂದಿಂಚು ಸಡಿಲ ಮಾಡಿ ಮೊಣಕೈವರೆಗೆ ಇಳಿಸಿದಳು, ಹೊಂದಿಕೆಗೆಂದು ಎಡದ್ದನ್ನೂ ಅಷ್ಟೇ ಉದ್ದ ಮಾಡಿದಳು. ಗುಂಡಿಗಳು ಮುಂದೆಯೇ, ಏಕೆಂದರೆ ಕೈ ಹಿಂದಕ್ಕೆ ತಿರುಗಿಸಲು ನೋವು. ಬಲಗಡೆ ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಕಿಸೆ. ಅದರೊಳಗೆ ಇಡಲು ಮೊದಲು ಅರಳೆ ತುಂಬಿದ ದಿಂಬು ಮಾಡಿದಳು. ಹಗುರವಾದ್ದರಿಂದ ಅದು ಕೈ ಎತ್ತಿದಾಗಲೆಲ್ಲ ಮೇಲೆ ಏರುತ್ತಿತ್ತು. ತೂಕ ಬೇಕು, ಇಲ್ಲವಾದರೆ ಒಂದು ಹೆಗಲು ಮೇಲೆ ಒಂದು ಕೆಳಗೆ ಆಗಿ ಬೆನ್ನು ನೋಯುತ್ತದೆ. ಸಿಲಿಕೋನಿನದ್ದು ಸಿಗುತ್ತದೆ, ಬೆಲೆ ಹೆಚ್ಚು, ಸೆಕೆಗೆ ಬೆವರುತ್ತದೆ ಎಂದು ಅತ್ತಿಗೆ ಬೇಡವೆಂದರು. ಎರಡು ದಿನ ಯೋಚಿಸಿ ಆ ಹುಡುಗಿ ಸಾಸಿವೆ ತಂದಳು. ಎಳೆಮಕ್ಕಳ ತಲೆ ಉರುಟಾಗಲೆಂದು ಸಾಸಿವೆಯ ದಿಂಬು ಇಡುತ್ತಾರಲ್ಲ, ಅದೇ ಉಪಾಯ. ಒಳಚೀಲದಲ್ಲಿ ಸಾಸಿವೆ, ಸುತ್ತ ತೆಳುವಾಗಿ ಅರಳೆ, ಒಗೆಯಲು ಬರುವ ಹಾಗೆ ಹೊರಚೀಲ ಬೇರೆ. ಗಾಯ ಪೂರ್ತಿ ಮಾಗಿದೆಯೆಂದು ವೈದ್ಯರನ್ನು ಕೇಳಿಯೇ ಇದನ್ನೆಲ್ಲ ಮಾಡಿದ್ದು.

ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. 'ಎಂತ ಮಾರಾಯ್ತಿ, ಮಳೆಗಾಲದಲ್ಲಿ ಮೊಳಕೆ ಬಂದರೆ?' ಎಂದರು. ಆ ಎಂಟು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ರವಿಕೆಯಾಯಿತು, ಇನ್ನು ಸೀರೆ. ಅವರ ಕಪಾಟಿನ ತುಂಬ ಶಾಲೆಗೆಂದು ಕೊಂಡ ಜಾರ್ಜೆಟ್, ಸಿಂಥೆಟಿಕ್ ಸೀರೆಗಳು. ಒಗೆದರೆ ಒಣಗುತ್ತವೆ, ಇಸ್ತ್ರಿ ಬೇಡ. ಆದರೆ ಅವು ಮೈಗೆ ಅಂಟಿ ಎಲ್ಲವನ್ನೂ ಹೇಳಿಬಿಡುತ್ತವೆ. ಮೈಯಿಂದ ಒಂದಿಷ್ಟು ದೂರ ನಿಲ್ಲುವ ಬಟ್ಟೆ ಬೇಕಿತ್ತು. ನನಗೆ ನಮ್ಮ ಅಮ್ಮ ಉಡುತ್ತಿದ್ದ ಕೈಮಗ್ಗದ ಉಡುಪಿ ಸೀರೆ ನೆನಪಾಯಿತು. ಹತ್ತಿಯದ್ದು, ಹಗುರ, ಸಣ್ಣ ಚೌಕಳಿ, ಬೇರೆ ಬಣ್ಣದ ಸೆರಗು. ಮೊದಲು ಬ್ರಹ್ಮಾವರದಿಂದ ಕಿನ್ನಿಗೋಳಿಯವರೆಗೆ ನೇಯುವ ಮನೆಗಳು ಬಹಳ ಇದ್ದವು. ಮಕ್ಕಳು ಬೇರೆ ಕೆಲಸಕ್ಕೆ ಹೋದ ಹಾಗೆ ಮಗ್ಗಗಳು ಅಟ್ಟ ಸೇರಿದವು. ಕಾರ್ಕಳದ ಕದಿಕೆ ಟ್ರಸ್ಟಿನವರು 2018ರಿಂದ ಈ ನೇಯ್ಗೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಮಾಡುತ್ತ ಬಂದಿದ್ದಾರೆ; ಅಡಿಕೆಯ ಚೊಗರಿನಲ್ಲಿ ಬಣ್ಣ ಕಟ್ಟಿದ ಸೀರೆಗಳನ್ನೂ ಮಾಡಿಸಿದ್ದಾರೆ. ನಾವಿಬ್ಬರೂ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆವು.

ಅಲ್ಲಿಗೆ ಹೋದ ಮೇಲೆ ಗೊಮ್ಮಟನನ್ನು ನೋಡದೆ ಬರುವುದುಂಟೇ? ಮೆಟ್ಟಿಲು ಹತ್ತುವಾಗ ಅತ್ತಿಗೆ ಮೂರು ಕಡೆ ಕೂತರು. 1432ರಿಂದ ಅವನು ನಲವತ್ತೆರಡು ಅಡಿ ಎತ್ತರಕ್ಕೆ ಬಿಸಿಲು ಮಳೆಯಲ್ಲಿ ನೂಲಿನ ಎಳೆಯೊಂದಿಲ್ಲದೆ ನಿಂತಿದ್ದಾನೆ. ಇತ್ತ ನಮ್ಮ ಉಡುಪಿಯ ಕೃಷ್ಣನಿಗೆ ದಿನಕ್ಕೊಂದು ಅಲಂಕಾರ, ನವರಾತ್ರಿಯಲ್ಲಿ ಸೀರೆಯನ್ನೂ ಉಡಿಸುತ್ತಾರೆ. ಇವರಿಬ್ಬರ ನಡುವೆ ಬಸ್ಸಿನಲ್ಲಿ ಓಡಾಡುವ ನಮಗೆ ಬಟ್ಟೆಯ ಚಿಂತೆ ತಪ್ಪುವುದು ಹೇಗೆ!

ಅತ್ತಿಗೆ ಎರಡು ಸೀರೆ ಆರಿಸಿದರು, ಹಸಿರು ಚೌಕಳಿಯದೊಂದು, ಕಂದು ಬಣ್ಣದ್ದೊಂದು. ಚೌಕಳಿ ಒಳ್ಳೆಯದು, ಕಣ್ಣು ಗೆರೆಗಳ ಮೇಲೆ ಓಡಾಡಿ ಅಲ್ಲೇ ಕಳೆದುಹೋಗುತ್ತದೆ. ಮನೆಗೆ ಬಂದು ತೆಳು ಗಂಜಿ ಹಾಕಿ ಉಟ್ಟು ನೋಡಿದೆವು. ಸೆರಗನ್ನು ಸಣ್ಣ ನೆರಿಗೆ ಹಿಡಿದು ಪಿನ್ ಮಾಡಿದರೆ ಬಲಗಡೆ ತೆರೆದುಕೊಳ್ಳುತ್ತದೆ. ನಾಲ್ಕು ಬೆರಳಗಲದ ನೆರಿಗೆ ಹಿಡಿದು, ಬಲ ಸೊಂಟದಿಂದ ಸಡಿಲವಾಗಿ ಏರಿಸಿ ಎಡ ಹೆಗಲಿಗೆ ಸಿಕ್ಕಿಸಿದರೆ ಸರಿಯಾಗಿ ಕೂರುತ್ತದೆ. ಬೋರ್ಡಿನ ಮೇಲೆ ಬರೆಯುವವರ ಹಾಗೆ ಬಲಗೈ ಎತ್ತಿ, ಇಳಿಸಿ, ಹಿಂದೆ ತಿರುಗಿ, ಬಗ್ಗಿ ಚಾಕ್‌ಪೀಸು ಹೆಕ್ಕಿದ ಹಾಗೆ ಮಾಡಿ ಕನ್ನಡಿಯ ಮುಂದೆ ಅವರು ಅರ್ಧ ಗಂಟೆ ಪಾಠ ಮಾಡಿದರು. ಸಾಸಿವೆ ಕದಲಲಿಲ್ಲ.

ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಓದುವ ಹುಡುಗಿಯರನ್ನು ನೋಡುವಾಗ ನನಗೆ ಖುಷಿಯಾಗುತ್ತದೆ. ತೋರ, ಸಪೂರ ಎಂದು ಲೆಕ್ಕಿಸದೆ ಬೇಕಾದ್ದನ್ನು ಹಾಕಿಕೊಂಡು ನಡೆಯುತ್ತಾರೆ. ಮೈಯನ್ನು ಮರೆಸುವ ಉಪಾಯವೇಕೆ, ಇದ್ದ ಹಾಗೆ ಹೋಗಲಿ ಎಂದು ನನ್ನ ಸೊಸೆ ಕೇಳಿದಳು. ಅದೂ ಸರಿಯೇ. ಏನೂ ಇಡದೆ ಹೋಗುವವರೂ ಇದ್ದಾರೆ. ಆದರೆ ನಲವತ್ತು ಮಕ್ಕಳ ಎದುರು ನಿಲ್ಲುವವರು ಅತ್ತಿಗೆ, ನಾವಲ್ಲ. ಹೇಗೆ ನಿಲ್ಲಬೇಕೆಂದು ಅವರೇ ಹೇಳಲಿ.

ಶಾಲೆ ತೆರೆದ ದಿನ ಅವರು ಹಸಿರು ಚೌಕಳಿಯನ್ನು ಉಟ್ಟು ಹೋದರು. ಜೋರು ಮಳೆ ಹಿಡಿದ ಮೇಲೆ ಹತ್ತಿ ಸೀರೆ ಒಣಗುವುದಿಲ್ಲ ಎಂಬ ಗೋಳು ಮಾತ್ರ ನನಗೆ ಫೋನಿನಲ್ಲಿ ವಾರಕ್ಕೆರಡು ಸಲ ಕೇಳುತ್ತಿತ್ತು. ಅರ್ಜಿ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಪುವಿನ ಆ ಹುಡುಗಿ ಅತ್ತಿಗೆಯ ಎರಡು ಕಾಗದಗಳನ್ನು ಎಡ, ಬಲ ಎಂದು ಬರೆದು ಗೋಡೆಗೆ ತೂಗುಹಾಕಿದ್ದಾಳೆ. ಮೊನ್ನೆ ಆಕೆಯ ಅಂಗಡಿಗೆ ಪಡುಬಿದ್ರಿ ಕಡೆಯ ಒಬ್ಬಾಕೆ ಹಳೆಯ ರವಿಕೆಯೊಂದನ್ನು ಸುತ್ತಿಕೊಂಡು ಬಂದು, ಒಳಗೆ ಬರಲು ಒಪ್ಪದೆ ಬಾಗಿಲಲ್ಲೇ ನಿಂತಿದ್ದಳಂತೆ. ಸಂಜೆ ನಾನು ಫೋನ್ ಮಾಡಿದಾಗ ಅಣ್ಣ ಎತ್ತಿಕೊಂಡ. ಅತ್ತಿಗೆ ಅರ್ಧ ಕಿಲೋ ಸಾಸಿವೆ ಕಟ್ಟಿಸಿಕೊಂಡು ಪೇಟೆಗೆ ಹೋಗಿದ್ದಾರೆ, ಬರುವಾಗ ತಡವಾಗಬಹುದು ಎಂದ.